ತಾಳಕ್ಕೆ ಸಿಕ್ಕ ಇಟಾಲಿಯನ್ ಪದ

ಇಟಾಲಿಯನ್ ಭಾಷೆಯ ಗಂಧಗಾಳಿಯೂ ಇಲ್ಲದ ನಾನು ಈ ಕತೆ ಹೇಳಹೊರಟದ್ದು ಅಧಿಕಪ್ರಸಂಗವೇ. ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮುಂಬಯಿಯ ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಕಾಶಿನಾಥನಿಗೆ ತನ್ನ ದನಿ ಟೀವಿಯಲ್ಲಿ ಬರಬೇಕೆಂಬುದು ಹಳೆಯ ಹಂಬಲ. ಕೊನೆಗೂ ಅಂಧೇರಿಯ ಸ್ಟುಡಿಯೋ ಒಂದು ಕರೆಯಿತು. ಬೂಟಿನ ಜಾಹೀರಾತು, ಹೇಳಬೇಕಾದದ್ದು ಒಂದೇ ಇಟಾಲಿಯನ್ ಪದ. ಆದರೆ ಆ ಪದ ಗೂಡ್ಸ್ ಗಾಡಿಯಷ್ಟು ಉದ್ದ: ಪ್ರೆಚಿಪಿತೆವೊಲಿಸ್ಸಿಮೆವೊಲ್ಮೆನ್ತೆ! ಅದನ್ನು ತುಂಡು ತುಂಡಾಗಿ ಒಡೆದು, ಕೊನೆಯದರ ಹಿಂದಿನ 'ಮೆನ್' ಮೇಲೆ ಒತ್ತು ಕೊಡಬೇಕೆಂದು ಸ್ಟುಡಿಯೋದ ಸೋನಾಲಿ ಫೋನಿನಲ್ಲಿ ಹೇಳಿದ್ದಳು.

ರೆಕಾರ್ಡಿಂಗಿನ ದಿನ ಬೆಳಿಗ್ಗೆ ಹೆಂಡತಿ ನಾಗರತ್ನಾ ಬೆಂಡೆಕಾಯಿ ಹೆಚ್ಚುತ್ತಿದ್ದಾಗ, ಅವಳ ಈಳಿಗೆಯ ಲಯಕ್ಕೆ ಕಾಶಿನಾಥ ಪದವನ್ನೂ ಹೆಚ್ಚಿದ. "ಪ್ರೆ... ಚಿ... ಪಿ... ತೆ..." ತುಂಡುಗಳೇನೋ ಸರಿಯಾಗಿ ಬಿದ್ದವು. ಒತ್ತು ಮಾತ್ರ ಸೀಟು ಸಿಗದ ಪ್ರಯಾಣಿಕನಂತೆ ಕಂಡಕಂಡಲ್ಲಿ ನುಸುಳುತ್ತಿತ್ತು.

"ಬಿಲ್ಡಿಂಗ್ ತುಂಬ ಡಂಗುರ ಹೊಡದೀರಿ. ಟೀವಿಯಾಗ ನಿಮ್ಮ ದನಿ ಬರಲಿಲ್ಲಂದ್ರ ನಾ ಲಿಫ್ಟಿನಾಗ ಮಂದೀಗೆ ಮುಖಾ ಹ್ಯಾಂಗ್ರಿ ತೋರಸ್ಲಿ?" ಎಂದಳು ನಾಗರತ್ನಾ.

ಭಾಯಂದರ್ ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಶಿನಾಥ ಮುಂದಿದ್ದವನ ಬೆನ್ನ ಮೇಲೆ ಬೆರಳು ಬಡಿಯುತ್ತ ಪದ ಒಡೆಯತೊಡಗಿದ. ಆ ಬೆನ್ನು, ದಿನವೂ ಅದೇ ಬೋಗಿಯಲ್ಲಿ ಹಾಡುವ ಭಜನಾ ಮಂಡಳಿಯ ಶೆಟ್ಟೆಪ್ಪನದು.

"ಏನ್ರಿ ಕಾಶಿನಾಥ, ನನ್ನ ಬೆನ್ನ ಮ್ಯಾಲ ಯಾರ ಮನಿ ಬಾಗಲಾ ಬಡ್ಯಾಕತ್ತೀರಿ?"

ಕಾಶಿನಾಥ ಕಷ್ಟ ತೋಡಿಕೊಂಡ.

"ಇಷ್ಟs ಏನು! ನಿಮ್ಮ ತಾಳ ತಪ್ಪೇತಿ" ಎಂದ ಶೆಟ್ಟೆಪ್ಪ, ಚೀಲದಿಂದ ತಾಳ ತೆಗೆದು 'ಮೆನ್'ಗೆ ಸರಿಯಾಗಿ ಝಣ್ ಎನಿಸಿದ. ಬೋರಿವಲಿ ದಾಟುವಷ್ಟರಲ್ಲಿ ಇಡೀ ಬೋಗಿಯೇ ಹಾಡುತ್ತಿತ್ತು. ಅಂಧೇರಿ ಬಂತು. "ಇವರನ್ನ ಒಬ್ಬರನ್ನ ಬಿಟ್ರ ಮತ್ತ ಹಳಿ ತಪ್ಪತಾರ" ಎಂದು ಮಂಡಳಿಯೂ ಹಿಂದೆಯೇ ಇಳಿಯಿತು.

ಸ್ಟುಡಿಯೋದಲ್ಲಿ ಮಂಡಳಿಯನ್ನು ಬೆನ್ನಿಗಿಟ್ಟುಕೊಂಡು ಕಾಶಿನಾಥ ಮೈಕಿನ ಮುಂದೆ ಪದ ಒಡೆದ. ಒತ್ತು ಒಮ್ಮೆ 'ಪಿ' ಮೇಲೆ ಬಿತ್ತು, ಒಮ್ಮೆ 'ಲಿಸ್' ಮೇಲೆ. ಸೋನಾಲಿ ತಲೆ ಹಿಡಿದುಕೊಂಡಳು. ಮಾನ ಹೋಗುವ ಆ ಗಳಿಗೆಯಲ್ಲಿ ಕಾಶಿನಾಥ ಶೆಟ್ಟೆಪ್ಪನ ಕೈಯಿಂದ ತಾಳ ಕಸಿದು ತಾನೇ ಬಾರಿಸಿದ. ಮಂಡಳಿ ದನಿಗೂಡಿಸಿತು. ಝಣ್! ಒತ್ತು ಹೋಗಿ 'ಮೆನ್' ಮೇಲೆ ಮದುಮಗನಂತೆ ಕೂತಿತು.

"ಪರ್ಫೆಕ್ಟ್! ಇದೇ ಬೇಕು!" ಸೋನಾಲಿ ಕುಣಿದಳು. ಮಂಡಳಿ ಕಾಶಿನಾಥನನ್ನು ಹೆಗಲ ಮೇಲೆ ಎತ್ತಿ ಮೆರೆಸಿತು.

ಕೆಳಗಿಳಿದವನು ಗಂಟಲು ಸರಿಮಾಡಿಕೊಂಡ. "ಹಂಗಾರ ನನ್ನ ದನಿ..."

ಸೋನಾಲಿ ಮಂಡಳಿಯತ್ತ ಕೈ ತೋರಿಸಿದಳು. "ಆವಾಜ್ ಇವರದು, ಅಂಕಲ್. ಎಕ್‌ದಮ್ ಮಸ್ತ್! ನೀವು ತಾಳ ಹೊಡೀರಿ, ಬಸ್. ಬಾಯಿ ಬಂದ್!"

ಜಾಹೀರಾತು ಬಂದ ಸಂಜೆ ಇಡೀ ಬಿಲ್ಡಿಂಗ್ ಕಾಶಿನಾಥನ ಮನೆಯಲ್ಲಿ ನೆರೆದಿತ್ತು. ನಾಗರತ್ನಾ ಟೀವಿಗೆ ಕಿವಿ ಹಚ್ಚಿದಳು. "ನಿಮ್ಮ ದನಿ ಎಲ್ಲೈತ್ರೀ?"

ಕಾಶಿನಾಥ ಎದೆ ಸೆಟೆಸಿದ. "ದನಿ ಏನ್, ಯಾರದರ ಇರ್ತದ. ಕಡೀಕ ಝಣ್ ಅಂತದಲ್ಲ, ಆ ಒತ್ತು? ಅದು ನಂದು!"

ಈಗಲೂ ಆ ಲೋಕಲ್‌ನಲ್ಲಿ ಪದ ಮೊಳಗುತ್ತದೆ. ಒತ್ತು ಒಮ್ಮೆಯೂ ತಪ್ಪುವುದಿಲ್ಲ. ಅದರ ಅರ್ಥವೇನೆಂದು ಮಾತ್ರ ಯಾರೂ ಕೇಳಿಲ್ಲ. ನನಗೂ ಗೊತ್ತಿಲ್ಲ.