ಬಸುರಿಯ ಗಂಡನ ಗಡ್ಡ

ಬೆಟ್ಟಸ್ವಾಮಿಯ ಗಡ್ಡ ಅವನು ಆಸೆಪಟ್ಟು ಬಿಟ್ಟದ್ದಲ್ಲ. ಹೆಂಡತಿ ಪುಟ್ಟಲಕ್ಷ್ಮಿ ಬಸುರಿಯಾದಳು, ಗಡ್ಡ ಬಂತು. ಬಸುರಿಯ ಗಂಡ ಕೂದಲಿಗೆ ಕತ್ತಿ ಮುಟ್ಟಿಸಿದರೆ ಹೊಟ್ಟೆಯೊಳಗಿನ ಕೂಸಿಗೆ ಗಾಯವಾಗುತ್ತದೆ ಎಂದು ಅವನ ತಾಯಿ ಕೆಂಪಾಜಮ್ಮ ಆಣೆ ಹಾಕಿಸಿಕೊಂಡಿದ್ದಳು. ಈಗ ಪುಟ್ಟಲಕ್ಷ್ಮಿಗೆ ಏಳು ತಿಂಗಳು. ಬೆಟ್ಟಸ್ವಾಮಿ ಉಣ್ಣುವಾಗ ಮುದ್ದೆಯ ತುಣುಕು ಬಾಯಿಯ ದಾರಿ ಹುಡುಕಬೇಕಾಗಿತ್ತು.

ಇದು ಅವರ ಎರಡನೆಯ ಕೂಸು. ಮೊದಲನೆಯದು ಮೂಗೂರಿನಲ್ಲಿ ಕೂಲಿಗಿದ್ದಾಗ ದಿನ ತುಂಬುವ ಮೊದಲೇ ಹುಟ್ಟಿ, ಒಂದು ಸಲವೂ ಅಳದೆ ಹೋಯಿತು. ಬಸುರಿಯ ಗಂಡನಾಗಿ ಬೆಟ್ಟಸ್ವಾಮಿ ನುಗ್ಗೆಯ ಕೊಂಬೆ ಕಡಿದದ್ದರಿಂದಲೇ ಹಾಗಾಯಿತೆಂದು ಇಡೀ ಕೇರಿ ತೀರ್ಪು ಕೊಟ್ಟಿತು. ಬಸುರಿ ಹೆಂಗಸು ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಬಗ್ಗಿ ನಾಟಿ ಹಾಕಿದ್ದು, ಒಂದು ಮುದ್ದೆಯಲ್ಲಿ ದಿನ ಕಳೆದದ್ದು ಯಾರ ನಾಲಿಗೆಗೂ ಬರಲಿಲ್ಲ. ಗದ್ದೆಯ ಧಣಿಗಂತೂ ನುಗ್ಗೆಮರದ ಮೇಲೆ ಬಹಳ ಸಿಟ್ಟು ಬಂದಿತ್ತು. ಸೂಲಗಿತ್ತಿ ಗುರುಸಿದ್ದಮ್ಮ ಒಬ್ಬಳೇ ಬೆಟ್ಟಸ್ವಾಮಿಯನ್ನು ಪಕ್ಕಕ್ಕೆ ಕರೆದು, "ಮುಂದ್ಲ ಸಲ ಅವ್ಳ ಬಗ್ಗಿಸ್ಬ್ಯಾಡ ಕಣಪ್ಪ, ಆಲು ಕುಡ್ಸು" ಎಂದಿದ್ದಳು.

ಆ ಮಾತು ಹಿಡಿದುಕೊಂಡೇ ಅವನು ನಂಜನಗೂಡಿಗೆ ಬಂದು ಕಪಿಲಾತೀರ ವಿಚಾರ ಸಭೆಯ ಜವಾನನಾದ. ಸಭೆ ಎಂದರೆ ಒಂದು ಹೆಂಚಿನ ಹಜಾರ, ನಾಲ್ಕು ಬೆಂಚು, ಎರಡು ಪತ್ರಿಕೆ, ಮತ್ತು ಕಾರ್ಯದರ್ಶಿ ಶಂಭುಲಿಂಗಪ್ಪ. ದವಸದ ವ್ಯಾಪಾರಿಯಾದ ಶಂಭುಲಿಂಗಪ್ಪನವರ ಕೊಟ್ಟಿಗೆಯಿಂದ ಸಂಬಳದ ಜೊತೆಗೆ ದಿನಕ್ಕೊಂದು ಚೆಂಬು ಹಾಲು. ಬೆಟ್ಟಸ್ವಾಮಿ ಗುರುಸಿದ್ದಮ್ಮನ ಹಾಲನ್ನೂ ನಂಬಿದ, ತಾಯಿಯ ಗಡ್ಡವನ್ನೂ ನಂಬಿದ. ಒಂದು ಕೂಸನ್ನು ಕಳೆದುಕೊಂಡವನು ಯಾವುದನ್ನು ಬಿಡಬಲ್ಲ?

ಆವತ್ತು ಬೆಳಿಗ್ಗೆ ಅವನು ಜಮಖಾನ ಹಾಸುತ್ತಿದ್ದಾಗ ಶಂಭುಲಿಂಗಪ್ಪ ಬಾಗಿಲಲ್ಲೇ ನಿಂತರು.

"ಏನೋ ಇದು, ಮುಖಕ್ಕೆ ಪೊರಕೆ ಕಟ್ಕೊಂಡಿದೀಯ?"

"ನಮ್ಮೋಳು ಬಸ್ರಿ ಸಾ."

"ಬಸುರಿ ಅವಳೋ ನೀನೋ?"

ಸಂಜೆ ನಾಲ್ಕಕ್ಕೆ ಮೈಸೂರಿನಿಂದ ಒಬ್ಬ ದೊಡ್ಡ ಡಾಕ್ಟರು ರೈಲಿನಲ್ಲಿ ಬರುವವರಿದ್ದರು. ಗರ್ಭದಲ್ಲಿ ಶಿಶು ಹೇಗೆ ಬೆಳೆಯುತ್ತದೆ, ತಂದೆತಾಯಿಗಳ ರಕ್ತದಿಂದ ಅದಕ್ಕೆ ಬರುವುದೇನು, ತಾಯಿಯ ಊಟ, ಗಾಳಿ, ನಿದ್ದೆಗಳಿಂದ ಬರುವುದೇನು ಎಂಬ ಬಗ್ಗೆ ಭಾಷಣ. ಊರಿನ ಮೌಢ್ಯವನ್ನೆಲ್ಲ ಸುಟ್ಟು ಬೂದಿ ಮಾಡಲು ಬರುವವರ ಕಣ್ಣಿಗೆ ಸಭೆಯ ಬಾಗಿಲಲ್ಲೇ ಇಂಥ ಗಡ್ಡ ಬಿದ್ದರೆ ತಮ್ಮ ಮಾನ ಏನಾಗಬೇಕು ಎಂದು ಶಂಭುಲಿಂಗಪ್ಪ ಕೇಳಿದರು. ಸ್ವಾಗತ ಪತ್ರದಲ್ಲಿ 'ಕೂದಲನ್ನು ಪೂಜಿಸುವ ಮೂಢರು' ಎಂದು ಬೇರೆ ಬರೆದಾಗಿತ್ತು.

"ನಾಲ್ಕು ಗಂಟೆಯೊಳಗೆ ಬೋಳಿಸ್ಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ನೀನೂ ಬರಬೇಡ, ನಿನ್ನ ಚೆಂಬೂ ಬರಬೇಡ."

ಗಡ್ಡ ಉಳಿಸಿದರೆ ಹಾಲು ಹೋಗುತ್ತದೆ, ಹಾಲು ಉಳಿಸಿದರೆ ಗಡ್ಡ. ಎರಡರಲ್ಲಿ ಯಾವುದು ಹೋದರೆ ಕೂಸು ಉಳಿದೀತು ಎಂದು ಲೆಕ್ಕ ಹಾಕುತ್ತ ಬೆಟ್ಟಸ್ವಾಮಿ ಪೇಟೆಯ ಬೀದಿಯಲ್ಲಿ ಮೂರು ಸಲ ಹಿಂದಕ್ಕೂ ಮುಂದಕ್ಕೂ ನಡೆದ. ಕೊನೆಗೆ ಪುಟ್ಟಲಕ್ಷ್ಮಿಯ ಕೆನ್ನೆ ಈಚೆಗೆ ತುಂಬಿಕೊಂಡದ್ದು ನೆನಪಾಗಿ, ಹಾಲೇ ಗೆದ್ದಿತು.

ಆದರೆ ಕ್ಷೌರದ ಚಿಕ್ಕಸ್ವಾಮಿ ಕತ್ತಿಯನ್ನು ಮಡಿಚಿ ಇಟ್ಟುಬಿಟ್ಟ. "ನಿನ್ ಗಡ್ಡ ಮುಟ್ಟಕಿಲ್ಲ ಕಣ್ಲಾ. ಪಾಪ ನನ್ ಕತ್ತಿಗೆ ಅಂಟ್ಕತ್ತದೆ. ನಮ್ಮನೇಲಿ ಸೊಸೆನೂ ಬಸ್ರಿ."

ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದವನೊಬ್ಬ ತಿರುಗಿ, ತಗಡೂರಿನಲ್ಲಿ ಹೀಗೇ ಒಬ್ಬ ಮೀಸೆ ಕತ್ತರಿಸಿಕೊಂಡದ್ದಕ್ಕೆ ಮಗು ಹುಬ್ಬೇ ಇಲ್ಲದೆ ಹುಟ್ಟಿತೆಂದ. ಸರದಿಗೆ ಕಾಯುತ್ತಿದ್ದ ಇನ್ನೊಬ್ಬ ಅದು ಹುಬ್ಬಲ್ಲ, ಕಿವಿ ಎಂದ. ಹುಬ್ಬೋ ಕಿವಿಯೋ ಎಂದು ಇಬ್ಬರೂ ಜಗಳಕ್ಕೆ ಬಿದ್ದರು. ಮೊದಲನೆಯವನ ಕೆನ್ನೆಯ ನೊರೆ ಒಣಗಿ ಸುಣ್ಣದ ಗೋಡೆಯಂತೆ ಬಿರುಕು ಬಿಟ್ಟಿತು. ಬೆಟ್ಟಸ್ವಾಮಿ ಅಲ್ಲಿಂದ ಜಾರಿದ. ಒಂದು ಗಳಿಗೆಯಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿ, ಪೇಟೆಯ ಉಳಿದ ಎರಡು ಕತ್ತಿಗಳೂ ಮಡಿಚಿಕೊಂಡವು.

ಉಳಿದದ್ದು ಹೊಳೆಯ ಸೋಪಾನ. ಅಲ್ಲಿ ನಂಜುಂಡೇಶ್ವರನಿಗೆ ಮುಡಿ ಕೊಡಲು ಬಂದ ಪರವೂರಿನವರು ಕ್ಷೌರಿಕರ ಮುಂದೆ ಸಾಲಾಗಿ ಕೂತಿರುತ್ತಾರೆ. ಯಾರ ಹೆಂಡತಿ ಬಸುರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೆಟ್ಟಸ್ವಾಮಿ ಗುರುತು ಸಿಗದಿರಲೆಂದು ಹೆಗಲ ವಲ್ಲಿಯನ್ನು ತಲೆಯ ಮೇಲಿಂದ ಮೂಗಿನವರೆಗೆ ಎಳೆದುಕೊಂಡು ಸಾಲಿನಲ್ಲಿ ಕೂತ. ಸರದಿ ಬಂದಾಗ ಕಣ್ಣು ಮುಚ್ಚಿ, ಕೂಸಿನ ಹುಬ್ಬು, ಕಿವಿ, ತುಟಿಗಳನ್ನು ಒಂದೊಂದಾಗಿ ದೇವರಿಗೆ ಒಪ್ಪಿಸತೊಡಗಿದ. ತಲೆಯ ಮೇಲೆ ನೀರು ಬಿತ್ತು. ಕಣ್ಣು ಬಿಡುವ ಹೊತ್ತಿಗೆ, ಹುಟ್ಟಿದಾಗಿನಿಂದ ಜೊತೆಗಿದ್ದ ಜುಟ್ಟು ಕೊತ್ತಂಬರಿ ಕಟ್ಟಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

"ಗಡ್ಡ ಮಾತ್ರ ಕಣಪ್ಪ," ಎಂದು ಅವನು ಅಂಗಲಾಚಿದ.

"ಮುಡಿ ಸಾಲ್ನಲ್ಲಿ ಕುಂತು ಗಡ್ಡ ಅಂತೀಯಲ್ಲ. ಅರೆಬೋಳ್ಸಿ ಎಬ್ಬಿಸ್ದ್ರೆ ದ್ಯಾವ್ರು ನನ್ನ ಬಿಟ್ಟಾನಾ?" ಎಂದು ಆ ಕ್ಷೌರಿಕ ಕತ್ತು ಅದುಮಿ ಹಿಡಿದು, ಉಳಿದ ತಲೆ, ಗಡ್ಡ, ಕೊನೆಗೆ ಮೀಸೆಯನ್ನೂ ಒಂದೇ ಉಸಿರಿನಲ್ಲಿ ಮುಗಿಸಿದ.

ಬೋಳುತಲೆಯನ್ನು ರುಮಾಲಿನಲ್ಲಿ ಮುಚ್ಚಬಹುದಿತ್ತು. ಮೀಸೆ ಇಲ್ಲದ ತುಟಿಯನ್ನು ಎಲ್ಲಿ ಮುಚ್ಚುವುದು? ಹೆತ್ತವರು ಸತ್ತಾಗಲ್ಲದೆ ಆ ಸೀಮೆಯಲ್ಲಿ ಗಂಡಸರ ಮೀಸೆ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಗುರುಬಸಮ್ಮ ಅವನನ್ನು ಕಂಡವಳೇ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟು, "ಅಯ್ಯೋ ಕೆಂಪಾಜಕ್ಕ, ಬೆಳಿಗ್ಗೆ ನನ್ತಾವ ಉಪ್ಪು ಇಸ್ಕೊಂಡೋದ್ಯಲ್ಲ" ಎಂದು ರಾಗ ಎತ್ತಿದಳು. ಅವ್ವ ಚೆನ್ನಾಗಿದ್ದಾಳೆಂದು ಬೆಟ್ಟಸ್ವಾಮಿ ಹೇಳಿದಷ್ಟೂ, ಪಾಪ, ದುಃಖದಲ್ಲಿ ಬುದ್ಧಿ ಕದಲಿದೆ ಎಂದು ಅವಳು ಇನ್ನೂ ಜೋರಾಗಿ ಅತ್ತಳು.

ಅವನು ಕೇರಿ ಮುಟ್ಟುವಷ್ಟರಲ್ಲಿ ಚಟ್ಟಕ್ಕೆ ಬಿದಿರು ತರುವವರು, ತಮಟೆಗೆ ಹೇಳುವವರು ಹಂಚಿಕೆಯಾಗಿದ್ದರು. ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ಕೆಂಪಾಜಮ್ಮ, ಹೆಗಲ ಮೇಲೆ ಟವಲು ಹಾಕಿಕೊಂಡು ಬಂದ ನಾಲ್ವರನ್ನು ನೋಡಿ ಯಾರು ಸತ್ತರೆಂದು ವಿಚಾರಿಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮಗ ಬಂದ. ಅವಳ ಕೈಯ ಸೊಪ್ಪು ನೆಲಕ್ಕೆ ಬಿತ್ತು.

"ಉಸ್ರಾಡ್ತಾ ಇರೋಳ್ಗೇ ತಿಥಿ ಮಾಡ್ಬುಟ್ಟಾ," ಎಂದಳು. ಆಮೇಲೆ ಗಡ್ಡ ನೆನಪಾಯಿತು. "ನನ್ನ ಬುಡ್ಲಾ. ಆ ಮಗೀಗೇನ್ ಮಾಡ್ದೆ?"

ಸೊಸೆಯ ಮೇಲೆ ಮಗನ ನೆರಳು ಬೀಳಬಾರದೆಂದು ಕೆಂಪಾಜಮ್ಮ ಹೊಸಿಲಿಗೆ ಅಡ್ಡ ಕೂತಳು. ಒಳಗಿಂದ ಪುಟ್ಟಲಕ್ಷ್ಮಿ ಇಣುಕಿ, ಗಂಡನ ತಲೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕವಳು ಥಟ್ಟನೆ ನಿಂತು ಹೊಟ್ಟೆ ಹಿಡಿದುಕೊಂಡಳು. ಬೆಟ್ಟಸ್ವಾಮಿ ಹೊಸಿಲಿನತ್ತ ನುಗ್ಗಿದ.

"ಏನಾಯ್ತಮ್ಮಿ?"

"ಏನೂ ಇಲ್ಲ. ಒದೀತಾ ಅದೆ. ನೀವು ಓಗಿ, ಒತ್ತಾಯ್ತು. ಕೆಲ್ಸ ಉಳುಸ್ಕಳಿ."

ಅವನು ಓಡಿದ. ಹಜಾರದ ಮುಂದೆ ಜನ ನೆರೆದಿತ್ತು. ಶಂಭುಲಿಂಗಪ್ಪನವರಿಗೆ ಅವನನ್ನು ನೋಡಿ ಸಂತೋಷ ತಡೆಯಲಾಗಲಿಲ್ಲ. ಬಸುರಿಯ ಗಂಡನೊಬ್ಬ ಗಡ್ಡದ ಜೊತೆಗೆ ತಲೆಯನ್ನೂ ಮೀಸೆಯನ್ನೂ ಬೋಳಿಸಿ ಸಭೆಯ ಕೀರ್ತಿ ಬೆಳಗಿಸಿದ್ದಾನೆ ಎಂದು ಸುತ್ತಲಿನವರಿಗೆ ಹೇಳಿ, ರುಮಾಲು ತೆಗೆಸಿ, ಡಾಕ್ಟರ ಕಣ್ಣಿಗೆ ಮೊದಲು ಬೀಳುವಂತೆ ಬಾಗಿಲ ಬಲಕ್ಕೆ ನಿಲ್ಲಿಸಿದರು. ಬಿಸಿಲಿಗೆ ಆ ತಲೆ ತಿಕ್ಕಿಟ್ಟ ಹಿತ್ತಾಳೆ ತಂಬಿಗೆಯಂತೆ ಹೊಳೆಯಿತು. ಕೆಲಸ ಉಳಿಯಿತು, ಹಾಲು ಉಳಿಯಿತು ಎಂದು ಬೆಟ್ಟಸ್ವಾಮಿ ಬೆಳಗಿನಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ.

ಸ್ಟೇಷನ್ನಿನಿಂದ ಜಟಕಾ ಬಂತು. ಮೊದಲು ಬೂಟು ಇಳಿಯಿತು, ಆಮೇಲೆ ಉದ್ದ ಕೋಟು, ಜರಿಯ ಪೇಟ, ಚಿನ್ನದ ಕಟ್ಟಿನ ಕನ್ನಡಕ. ಕನ್ನಡಕದ ಕೆಳಗಿನಿಂದ ಕೋಟಿನ ಎರಡನೆಯ ಗುಂಡಿಯವರೆಗೆ ಕಪ್ಪು ಗಡ್ಡ.

ಡಾಕ್ಟರು ಗಡ್ಡ ನೀವಿಕೊಂಡು ಸಂಕೋಚದಿಂದ ನಕ್ಕರು. "ಕ್ಷಮಿಸಬೇಕು. ಮನೆಯಲ್ಲಿ ಏಳನೇ ತಿಂಗಳು. ನಮ್ಮ ತಾಯಿಯವರು ಕತ್ತಿ ಮುಟ್ಟೋಕೆ ಬಿಡೋದಿಲ್ಲ. ನನಗೂ, ಯಾಕೆ ಸುಮ್ಮನೆ, ಅನ್ನಿಸ್ತು."

ಆಮೇಲೆ ಅವರ ಕಣ್ಣು ಬಾಗಿಲ ಬಲಕ್ಕೆ ಹೊರಳಿತು. "ಪಾಪ, ಇವರ ಮನೆಯಲ್ಲಿ ಯಾರು ತೀರಿಕೊಂಡರು?"

"ಯಾರೂ ಇಲ್ಲ ಸಾ," ಎಂದ ಬೆಟ್ಟಸ್ವಾಮಿ. "ನಮ್ಮೋಳ್ಗೂ ಏಳು ತಿಂಗ್ಳು."

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಏಳು ತಿಂಗಳ ಬಸುರಿಯನ್ನು ಮನೆಯಲ್ಲಿಟ್ಟುಕೊಂಡು ಈ ಕೆಲಸವೇ ಎಂದು ಅವರ ಮುಖ ಕೇಳುತ್ತಿತ್ತು. ಬೆಟ್ಟಸ್ವಾಮಿ ಶಂಭುಲಿಂಗಪ್ಪನವರ ಕಡೆ ನೋಡಿದ. ಶಂಭುಲಿಂಗಪ್ಪ ಸ್ವಾಗತ ಪತ್ರವನ್ನು ಮಡಿಚಿ ಜೇಬಿಗೆ ಸೇರಿಸುತ್ತಿದ್ದರು.

"ಎಷ್ಟು ಹೇಳಿದರೂ ಕೇಳಲಿಲ್ಲ ಸ್ವಾಮಿ," ಎಂದರು. "ಹೆಂಡತಿ ಮಕ್ಕಳ ಮೇಲೆ ಕರುಣೆ ಇಲ್ಲದ ಜನ."

ಡಾಕ್ಟರನ್ನು ಒಳಗೆ ಕೂರಿಸಿ ಹೊರಬಂದವರೇ ಅವನ ತೋಳು ಹಿಡಿದು ಗೋಡೆಯ ಮಗ್ಗುಲಿಗೆ ಎಳೆದರು. ಡಾಕ್ಟರು ಇನ್ನು ವಾರಕ್ಕೊಮ್ಮೆ ಬರುವುದಾಗಿ ಒಪ್ಪಿದ್ದಾರೆಂದೂ, ಅವರ ಕಣ್ಣಿಗೆ ಈ ಬೋಳುಮುಖ ಮತ್ತೆ ಬೀಳಕೂಡದೆಂದೂ, ಗಡ್ಡ ನಾಲ್ಕು ಬೆರಳು ಬೆಳೆದ ಮೇಲೆ ಕೆಲಸಕ್ಕೆ ಬಂದರೆ ಸಾಕೆಂದೂ ಹೇಳಿದರು.

"ಆಲು ಸಾ?"

"ಅದೂ ಗಡ್ಡ ಬಂದ ಮೇಲೆ."

ಒಳಗೆ ಭಾಷಣ ಶುರುವಾಯಿತು. ಹಜಾರದಲ್ಲಿ ಜಾಗ ಸಿಗದವರ ಜೊತೆ ಬೆಟ್ಟಸ್ವಾಮಿಯೂ ಕಿಟಕಿಯ ಹತ್ತಿರ ನಿಂತ. ಕಾಲು ಮನೆಯ ಕಡೆ ಏಳಲಿಲ್ಲ. ಬಿತ್ತಿದ ಬೀಜ ಎಷ್ಟೇ ಒಳ್ಳೆಯದಿರಲಿ, ನೆಲಕ್ಕೆ ಸಾರ ಇಲ್ಲದಿದ್ದರೆ ಪೈರು ನರಳುವಂತೆ ಗರ್ಭದ ಶಿಶುವೂ ನರಳುತ್ತದೆ ಎಂದು ಡಾಕ್ಟರು ವಿವರಿಸಿದರು. ಅದರ ಮೂಳೆ ಕಟ್ಟುವುದು ತಾಯಿ ಕುಡಿಯುವ ಹಾಲಿನಿಂದ. ಬಸುರಿಗೆ ದಿನವೂ ಹಾಲು ಒದಗದ ಮನೆಯಲ್ಲಿ ಕೂಸಿಗೆ ಕೇಡಾದರೆ ಅದಕ್ಕೆ ಗ್ರಹಗಳನ್ನು ದೂರಬಾರದು, ಆ ಮನೆಯ ಗಂಡಸಿನ ಸೋಮಾರಿತನವನ್ನು ದೂರಬೇಕು ಎಂದರು. ಚಪ್ಪಾಳೆ ಬಿತ್ತು. ಎಲ್ಲರ ಚಪ್ಪಾಳೆ ನಿಂತ ಮೇಲೂ ಶಂಭುಲಿಂಗಪ್ಪನವರದು ಕೇಳಿಸುತ್ತಿತ್ತು.

ಕಿಟಕಿಯ ಬಳಿ ನಿಂತವನೊಬ್ಬ ಬೆಟ್ಟಸ್ವಾಮಿಯನ್ನು ಮೊಣಕೈಯಿಂದ ತಿವಿದ.

"ಕೇಳುಸ್ಕಂಡ್ಯೇನ್ಲಾ? ಎಂಡ್ತೀಗೆ ಆಲು ಕುಡುಸ್ಬೇಕಂತೆ."