ಪ್ಲಗ್ ಹಾಕದ ಫ್ರಿಜ್ಜು

ಬಡವರ ಮನೆಯಲ್ಲಿ ದೊಡ್ಡ ವಸ್ತು ಇರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಇರಬಹುದು. ಇದ್ದರೆ ಅದನ್ನು ಬಳಸಬಾರದು, ಅಷ್ಟೆ. ನಮ್ಮ ಮನೆಯ ಚಾವಡಿಯಲ್ಲಿ ಆಳೆತ್ತರದ ಒಂದು ಕೆಂಪು ಫ್ರಿಜ್ಜು ಇದೆ. ಬಾಗಿಲ ಮೇಲೆ ದೊಡ್ಡ ದೊಡ್ಡ ಹೂವಿನ ಚಿತ್ರ. ಒಳಗೆ ಬ್ಲೌಸುಗಳಿವೆ. ನಾನು ಮನೆಯಲ್ಲೇ ಕೂತು ಬ್ಲೌಸು ಹೊಲಿಯುವವಳು. ಹೊಲಿದಾದದ್ದು ಮೇಲಿನ ಹಲಗೆಯಲ್ಲಿ, ಹೊಲಿಯಬೇಕಾದದ್ದು ಕೆಳಗಿನದರಲ್ಲಿ, ತರಕಾರಿಯ ಪೆಟ್ಟಿಗೆಯಲ್ಲಿ ಲೈನಿಂಗ್ ಬಟ್ಟೆ. ಮೊಟ್ಟೆ ಇಡುವ ಗುಳಿಗಳಲ್ಲಿ ಹುಕ್ಕು, ಗುಂಡಿ, ನೂಲಿನ ಉಂಡೆ. ಇನ್ನು ಎಲ್ಲಕ್ಕಿಂತ ಮೇಲೆ ಐಸು ಮಾಡುವ ಡಬ್ಬಿ ಇದೆಯಲ್ಲ, ಅಲ್ಲಿ ತಕರಾರಿನ ಬ್ಲೌಸುಗಳು. ತೋಳು ಬಿಗಿ, ಕುತ್ತಿಗೆ ಅಗಲ ಎಂದು ವಾಪಸು ಬಂದವು. ಅವುಗಳ ಒಡತಿಯರ ಸಿಟ್ಟು ತಣ್ಣಗಾಗುವವರೆಗೆ ಅಲ್ಲೇ ಇರಲಿ ಎಂದು ನನ್ನ ಏರ್ಪಾಡು. ಜಿರಳೆ ಬರುವುದಿಲ್ಲ, ಇಲಿ ಬರುವುದಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ. ಇಷ್ಟು ಒಳ್ಳೆಯ ಕಪಾಟು ನಮ್ಮ ಬಂದ್ಯೋಡು ಪೇಟೆಯ ಯಾವ ಜವುಳಿ ಅಂಗಡಿಯಲ್ಲೂ ಇರಲಿಕ್ಕಿಲ್ಲ.

ಫ್ರಿಜ್ಜನ್ನು ಕಪಾಟು ಮಾಡಿದ್ದು ನನ್ನ ಹುಚ್ಚಲ್ಲ, ಸರಕಾರದ ಕೃಪೆ. ನಮ್ಮದು ಪಿಂಕ್ ಕಾರ್ಡು. ಅಂದರೆ ರೇಷನ್ ಅಂಗಡಿಯಲ್ಲಿ ಬಡವರ ಸಾಲು. ಕೇರಳದಲ್ಲಿ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಹಾಗಾಗಿ ನಮ್ಮ ಮನೆಯ ಬಡತನ ಅಧಿಕೃತವಾಗಿ ನನ್ನ ಹೆಸರಿನಲ್ಲಿದೆ, ಗಂಡನಾದ ನಮ್ಮವರು ಬರಿಯ ಸದಸ್ಯರು. ಈ ಕಾರ್ಡಿನವರಿಗೆ ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಇದೆ, ಕರೆಂಟು ಬಿಲ್ಲಿನಲ್ಲೂ ಇದೆ. ಆದರೆ ಕರೆಂಟಿನದ್ದಕ್ಕೆ ಒಂದು ಗೆರೆ. ಗೆರೆಯ ಒಳಗೆ ಉರಿಸಿದರೆ ರಿಯಾಯಿತಿ, ಕೂದಲೆಳೆಯಷ್ಟು ದಾಟಿದರೂ ಆ ಸಲದ್ದು ಪೂರ್ತಿ ಹೋಯಿತು. ಬಿಲ್ಲು ಬರುವುದು ಮಲಯಾಳದಲ್ಲಿ, ನಾನು ಓದಿದ್ದು ಕನ್ನಡ ಮೀಡಿಯಂ. ಅದರಲ್ಲಿ ನನಗೆ ಗುರುತು ಹತ್ತುವ ಪದ ಒಂದೇ, ಸಬ್ಸಿಡಿ. ಅದು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ, ಸಿಕ್ಕಿದ ಮೇಲೆಯೇ ನಾನು ಊಟಕ್ಕೆ ಕೂರುವುದು. ನಿಜ ಹೇಳಬೇಕಾ? ಶಾಲೆಯಲ್ಲಿ ಒಂದು ಪರೀಕ್ಷೆಯಲ್ಲೂ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದವಳಲ್ಲ. ಎರಡು ತಿಂಗಳಿಗೊಮ್ಮೆ ಬರುವ ಈ ಪರೀಕ್ಷೆಯಲ್ಲಿ ಮಾತ್ರ ನಾನು ಫೇಲಾದದ್ದೇ ಇಲ್ಲ. ಇಸ್ತ್ರಿ ಪೆಟ್ಟಿಗೆ ಇದ್ದಿಲಿನದ್ದು, ಹೊಲಿಗೆಯ ಮೆಷಿನು ಕಾಲಲ್ಲಿ ತುಳಿಯುವಂಥದ್ದು, ಚಟ್ನಿ ಕಲ್ಲಿನಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ದಿನವಿಡೀ ಬಲ್ಬು ಮಾರುವ ನಮ್ಮವರು ಮನೆಗೆ ಬಂದ ಕೂಡಲೆ ಮಾಡುವ ಮೊದಲ ಕೆಲಸ ಬಲ್ಬು ಆರಿಸುವುದು.

ಇಂಥ ಮನೆಗೆ ಫ್ರಿಜ್ಜು ಎಲ್ಲಿಂದ ಬಂತು ಎಂದರೆ, ಶಾರ್ಜಾದಿಂದ. ಅಲ್ಲಿ ನನ್ನ ತಮ್ಮ ಸದಾನಂದ ಇದ್ದಾನೆ. ಅಮ್ಮ ಹೋದ ಮೇಲೆ ಅವನನ್ನು ಸೊಂಟದಲ್ಲಿ ಎತ್ತಿಕೊಂಡು ದೊಡ್ಡ ಮಾಡಿದ್ದು ನಾನೇ. ಕಳೆದ ಬೇಸಗೆಯಲ್ಲಿ ಫೋನಿನಲ್ಲಿ ನಾನು "ಇಲ್ಲಿ ಎಂತ ಸೆಖೆ ಮಾರಾಯ, ಮಡಕೆಯ ನೀರು ಸಹ ಬಿಸಿ" ಎಂದಿದ್ದೆ. ಬಾಯಿ ಸುಮ್ಮನಿರಬೇಕಲ್ಲ! ವಾರ ಕಳೆಯುವುದರೊಳಗೆ, ಅವನು ಅಲ್ಲಿಂದಲೇ ದುಡ್ಡು ಕಟ್ಟಿದ ಫ್ರಿಜ್ಜು ಹೊತ್ತು ಉಪ್ಪಳದ ಅಂಗಡಿಯಿಂದ ಗೂಡ್ಸ್ ರಿಕ್ಷಾ ಬಂದು ಅಂಗಳದಲ್ಲಿ ನಿಂತಿತು. ಇಳಿಸಿದವರು "ಪ್ಲಗ್ ಎಲ್ಲಿ ಹಾಕುವುದು?" ಎಂದು ಕೇಳಿದರೆ ನಮ್ಮವರು "ಅದು ನಾವು ನೋಡಿಕೊಳ್ತೇವೆ" ಎಂದು ಅವರನ್ನು ಚಾ ಕೊಡದೆ ಸಾಗಿಸಿದರು. ಧರ್ಮಕ್ಕೆ ಸೀರೆ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ನಾವು ಮೊಳ ಹಾಕಲಿಲ್ಲ, ಯೂನಿಟ್ಟು ಹಾಕಿ ನೋಡಿದೆವು. ಫ್ರಿಜ್ಜು ಒಂದೇ ಸಾಕು ಗೆರೆ ದಾಟಿಸಲಿಕ್ಕೆ. ಕೊಟ್ಟವನಿಗೆ ಹೇಳುವುದು ಹೇಗೆ? "ತಣ್ಣೀರು ಕುಡಿದೆಯಾ ಅಕ್ಕ?" ಎಂದು ಅವನು ಅಷ್ಟು ಆಸೆಯಿಂದ ಕೇಳುವಾಗ "ಕುಡಿದೆ, ಹಲ್ಲು ಜುಂ ಎಂದಿತು" ಎಂದು ಹೇಳಿಬಿಟ್ಟೆ. ಆಮೇಲೆ ಪ್ರತಿ ಫೋನಿಗೂ ನನ್ನ ಹಲ್ಲು ಜುಂ ಎನ್ನತೊಡಗಿತು. ನಾನೇನೂ ಸುಮ್ಮನೆ ತೆಗೆದುಕೊಳ್ಳುವವಳಲ್ಲ. ಅವನ ಕಡೆಯವರು ಯಾರು ಊರಿನಿಂದ ಹೊರಟರೂ ಅವರ ಕೈಯಲ್ಲಿ ನಾನು ಹೊಲಿದ ಒಂದು ಶರ್ಟು ಹೋಗುತ್ತದೆ. ಅಳತೆ ಬೇಡ, ಎತ್ತಿ ಆಡಿಸಿದ ಮೈ ಅಲ್ಲವಾ! ಅವನೂ ಪ್ರತಿ ಸಲ "ನಿನ್ನ ಶರ್ಟಿಗೆ ಇಲ್ಲಿ ಎಲ್ಲರೂ ಮರುಳು" ಎಂದು ಹೇಳುತ್ತಾನೆ.

ಹೀಗೆ ಎಲ್ಲವೂ ಸುಖವಾಗಿ ಸಾಗುತ್ತಿರುವಾಗ ಫೋನು ಬಂತು. "ಅಕ್ಕ, ನಾನು ಊರಿಗೆ ಬಂದಿದ್ದೇನೆ. ಈಗ ಕಾರಡ್ಕದಲ್ಲಿ ಹೆಂಡತಿ ಮನೆಯಲ್ಲಿ ಇದ್ದೇನೆ. ನಾಳೆ ನಿನ್ನಲ್ಲಿಗೆ ಬರ್ತೇನೆ, ಎರಡು ದಿನ ನಿಲ್ತೇನೆ. ಫ್ರಿಜ್ಜಿನಲ್ಲಿ ಪುನರ್ಪುಳಿ ಶರಬತ್ತು ಮಾಡಿ ಇಡು." ನನ್ನ ಕೈಯಲ್ಲಿದ್ದ ಕತ್ತರಿ ಬಿತ್ತು. ಒಂದೆರಡು ದಿನಕ್ಕೆ ಪ್ಲಗ್ ಹಾಕಿದರಾಯಿತು ಎಂದು ನೀವು ಹೇಳಬಹುದು. ನಾನೂ ಅದನ್ನೇ ಹೇಳಿದೆ. ನಮ್ಮವರು ಹೊರಗೆ ಹೋಗಿ ಮೀಟರಿನ ಮುಂದೆ ಕಣ್ಣು ಕಿರಿದು ಮಾಡಿ ನಿಂತು, ಒಳಗೆ ಬಂದು ತಲೆಯಾಡಿಸಿದರು. ಬೇಸಗೆಯಲ್ಲಿ ಫ್ಯಾನು ತಿರುಗಿ ತಿರುಗಿ ನಾವು ಗೆರೆಯ ಬುಡಕ್ಕೆ ಬಂದು ನಿಂತಿದ್ದೆವು. ಮೀಟರ್ ಓದುವವರು ಬರಬೇಕಾದ ದಿನ ಕಳೆದಿತ್ತು, ಆದರೆ ಬಂದಿರಲಿಲ್ಲ. "ಅವರು ಬಂದು ಓದಿ ಹೋದ ಮರುಗಳಿಗೆಯಲ್ಲಿ ಹಾಕು, ನಾನು ಬೇಡ ಹೇಳುವುದಿಲ್ಲ. ಅದಕ್ಕಿಂತ ಮುಂಚೆ ಹಾಕಿದರೆ ಎರಡು ತಿಂಗಳ ತಪಸ್ಸು ನೀರಿಗೆ ಹೋಯಿತು" ಎಂದರು ನಮ್ಮವರು. ಒಂದು ಕಡೆ ತಮ್ಮನ ಮನಸ್ಸು, ಇನ್ನೊಂದು ಕಡೆ ನನ್ನ ಫಸ್ಟ್ ಕ್ಲಾಸು. ಎಂತ ಸಾವು ಮಾರಾಯ್ರೇ!

ಇಂಥ ಹೊತ್ತಿಗೆ ನಾನು ಓಡುವುದು ಪಕ್ಕದ ಮನೆಯ ಐಸಮ್ಮನಲ್ಲಿಗೆ. ಅವಳ ಗಂಡ ಕತಾರಿನಲ್ಲಿ, ಕಾರ್ಡು ಉಳ್ಳವರ ಬಿಳಿಯದ್ದು, ಮನೆಯಲ್ಲಿ ಇಲ್ಲದ ಮೆಷಿನಿಲ್ಲ, ಬಿಲ್ಲಿನಲ್ಲಿ ಸಬ್ಸಿಡಿ ಎಂಬ ಪದ ಇಲ್ಲ. ನನ್ನ ಬಿಲ್ಲು ನೋಡಿದಾಗಲೆಲ್ಲ ಅವಳು "ನೀನು ಪುಣ್ಯ ಮಾಡಿದ್ದಿ" ಎನ್ನುತ್ತಾಳೆ, ಅವಳ ಏಸಿ ನೋಡಿದಾಗಲೆಲ್ಲ ನಾನೂ ಹಾಗೆಯೇ ಎನ್ನುತ್ತೇನೆ. ವಿಷಯ ಕೇಳಿ ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಇದಕ್ಕೆಲ್ಲ ಹೆದರುವುದಾ ನೀನು? ಪೆಟ್ಟಿಗೆ ನಿಂದು, ತಂಪು ನಂದು. ಐಸು, ನೀರು, ಶರಬತ್ತು ಎಲ್ಲ ಹಿಂದಿನ ಬಾಗಿಲಿಂದ ಕೊಡ್ತೇನೆ. ನಿನ್ನ ತಮ್ಮನ ಗಂಟಲು ಕಟ್ಟದಿದ್ದರೆ ನನ್ನನ್ನು ಕೇಳು!" ಎಂದಳು. ಬ್ಲೌಸುಗಳನ್ನೆಲ್ಲ ಗಂಟು ಕಟ್ಟಿ ಅವಳ ಮನೆಗೆ ಸಾಗಿಸಿದೆವು. ಅವಳ ಮನೆಯಿಂದ ಐಸಿನ ಪಾತ್ರೆ, ನೀರಿನ ಬಾಟ್ಲಿ, ಮೊಟ್ಟೆ, ಹಾಲಿನ ಪ್ಯಾಕೆಟು ಬಂದವು. ಕಪಾಟು ನೋಡನೋಡುತ್ತ ಫ್ರಿಜ್ಜಾಯಿತು.

ತಮ್ಮ ಬಂದ. ಹೊಟ್ಟೆ ಬಂದಿತ್ತು, ತಲೆಯಲ್ಲಿ ಕೂದಲು ಹೋಗಿತ್ತು, ಮೈಮೇಲೆ ಅಂಗಡಿಯಲ್ಲಿ ಕೊಂಡ ಟೀಶರ್ಟು. "ನನ್ನ ಶರ್ಟು ಎಲ್ಲಿ?" ಎಂದೆ. "ಅದೆಲ್ಲ ದಿನಾ ಹಾಕುವಂಥದ್ದಾ ಅಕ್ಕ? ಒಳ್ಳೆ ದಿನಕ್ಕೆ ಇಟ್ಟಿದ್ದೇನೆ" ಎಂದ. ನನಗೆ ಎದೆ ತುಂಬಿ ಬಂತು. ಅವನು ಚೀಲ ಇಳಿಸಿ ಸೀದಾ ಫ್ರಿಜ್ಜಿನ ಹತ್ತಿರ ಹೋಗಿ, ಹಳೆಯ ಗೆಳೆಯನ ಬೆನ್ನು ಸವರುವಂತೆ ಅದನ್ನು ಸವರಿ, ಬಾಗಿಲು ತೆಗೆದ. "ಅಕ್ಕ, ಒಳಗೆ ಲೈಟ್ ಬರುವುದಿಲ್ಲ ಅಲ್ಲ?" ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ನನ್ನ ಬಾಯಿಂದ "ಕರೆಂಟು ಹೋಗಿದೆ" ಎಂದು ಬಂದುಬಿಟ್ಟಿತು. ಅವನು ಮೇಲೆ ನೋಡಿದ. ನಾನೂ ನೋಡಿದೆ. ಅವನು ಬರುತ್ತಾನೆಂದು ನಾನೇ ಹಾಕಿದ್ದ ಫ್ಯಾನು ಅವನ ತಲೆಯ ಮೇಲೆ ಗರಗರನೆ ತಿರುಗುತ್ತಿತ್ತು. "ಹೋಗಿತ್ತು, ಈಗ ಬಂತು" ಎಂದೆ. "ಹಾಗಾದರೆ ಬಲ್ಬ್ ಹೋಗಿರಬೇಕು" ಎಂದು ಅವನೇ ಸಮಾಧಾನ ಮಾಡಿಕೊಂಡು ಐಸಮ್ಮನ ಶರಬತ್ತು ಕುಡಿದು "ಆಹಾ, ಜುಂ ಎನ್ನುತ್ತದೆ" ಎಂದ.

ಆ ದಿನವೆಲ್ಲ ನಾನು ಹಿಂದಿನ ಬಾಗಿಲಿಗೂ ಚಾವಡಿಗೂ ನಡೆದ ನಡಿಗೆ ಹೆದ್ದಾರಿಯ ಉದ್ದಕ್ಕೆ ಸಾಕಾಗುತ್ತಿತ್ತು. ಕರಗಿದ ಐಸು ಆಚೆ, ಗಟ್ಟಿ ಐಸು ಈಚೆ. ತಮ್ಮ ಒಮ್ಮೆ ಸ್ನಾನಕ್ಕೆ ಹೋದರೆ ಮೂರು ಬಾಟ್ಲಿ ಬದಲಾಯಿಸುತ್ತಿದ್ದೆ. ಅಷ್ಟು ಪಾಡುಪಟ್ಟರೂ ಮರುದಿನ ಬೆಳಿಗ್ಗೆ ಫ್ರಿಜ್ಜಿನ ಅಡಿಯಿಂದ ನೀರು ಹರಿದು ಚಾವಡಿಯ ಮಧ್ಯಕ್ಕೆ ಬಂತು. ತಮ್ಮನಿಗೆ ಪಿತ್ತ ನೆತ್ತಿಗೇರಿತು, ನನ್ನ ಮೇಲಲ್ಲ, ಅಂಗಡಿಯವನ ಮೇಲೆ. "ಹೊಸ ಮಾಲಿಗೆ ದುಡ್ಡು ತೆಗೆದುಕೊಂಡು ಎಂತ ಕೊಟ್ಟಿದ್ದಾನೆ ಇವ? ಲೈಟಿಲ್ಲ, ಶಬ್ದವಿಲ್ಲ, ನೀರು ಸೋರುತ್ತದೆ. ಗ್ಯಾರಂಟಿ ಉಂಟಲ್ಲ, ಈಗಲೇ ಮೆಕ್ಯಾನಿಕ್ ಕಳಿಸಲಿ!" ಎಂದು ಫೋನು ಹಚ್ಚಿಯೇ ಬಿಟ್ಟ. "ಬೇಡ ಸದಾ, ಪಾಪ, ಅವರದ್ದೆಂತ ತಪ್ಪು" ಎಂದರೆ "ನೀನು ಸುಮ್ಮನಿರು ಅಕ್ಕ, ನಿನ್ನಂಥ ಪಾಪದವರನ್ನು ಕಂಡೇ ಇವರು ಮೋಸ ಮಾಡುವುದು" ಎಂದು ನನಗೇ ಜೋರು ಮಾಡಿದ.

ಅವನು ಫೋನಿನಲ್ಲಿ ಉಪ್ಪಳದವರನ್ನು ತೊಳೆಯುತ್ತಿರುವಾಗಲೇ ಜಲಜಕ್ಕ ಒಳಗೆ ಬಂದರು. ತೋಳು ಬಿಗಿಯಾಯಿತೆಂದು ಬ್ಲೌಸು ವಾಪಸು ತಂದು ಕೊಟ್ಟ ಗಿರಾಕಿ ಅವರು. ಯಾರಲ್ಲೂ ಕೇಳದೆ, ಅಭ್ಯಾಸಬಲದಿಂದ ಸೀದಾ ಹೋಗಿ ಫ್ರಿಜ್ಜಿನ ಮೇಲಿನ ಡಬ್ಬಿಗೆ ಕೈ ಹಾಕಿದರು. ಕೈ ಐಸಿಗೆ ತಾಗಿ "ಅಯ್ಯಯ್ಯೋ!" ಎಂದು ಕಿರುಚಿಕೊಂಡರು. "ಇದೆಂತ ಮಾರಾಯ್ತಿ, ನಿನ್ನ ಕಪಾಟಿನಲ್ಲಿ ಐಸುಂಟಲ್ಲ! ನನ್ನ ಬ್ಲೌಸು ಎಲ್ಲಿ? ಮೊಟ್ಟೆಯ ಜಾಗದಲ್ಲಿ ಮೊಟ್ಟೆ ಯಾಕೆ ಇಟ್ಟಿದ್ದಿ? ಹುಕ್ಕೆಲ್ಲ ಎಲ್ಲಿ ಹೋಯಿತು?" ತಮ್ಮ ಫೋನು ಕೆಳಗಿಟ್ಟ. ಜಲಜಕ್ಕನನ್ನೂ ನನ್ನನ್ನೂ ನೋಡಿದ. ಆಮೇಲೆ ಬಗ್ಗಿ ಫ್ರಿಜ್ಜಿನ ಹಿಂದಿನಿಂದ ವಯರು ಎಳೆದ. ತುದಿಯಲ್ಲಿ ಪ್ಲಗ್ಗು, ಅದರ ಮೇಲೆ ಕಂಪೆನಿಯವರು ಹಾಕಿ ಕಳಿಸಿದ ಪ್ಲಾಸ್ಟಿಕ್ ಟೊಪ್ಪಿ, ಬಿಚ್ಚದ್ದು ಬಿಚ್ಚದ ಹಾಗೆಯೇ. ಜಲಜಕ್ಕ ಸೂಕ್ಷ್ಮ ತಿಳಿದು, ಬ್ಲೌಸು ಬೇಡವೆಂದು ಬಂದ ದಾರಿಗೆ ಸುಂಕವಿಲ್ಲದಂತೆ ಹೋದರು.

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಟೊಪ್ಪಿಯನ್ನೇ ಹಿಡಿದುಕೊಂಡು "ನಾನು ಅಲ್ಲಿ ಬಿಸಿಲಲ್ಲಿ ನಿಂತಾಗೆಲ್ಲ, ನನ್ನ ಅಕ್ಕ ಅಲ್ಲಿ ತಣ್ಣೀರು ಕುಡಿಯುತ್ತಿದ್ದಾಳೆ ಅಂತ ಎಣಿಸಿ ಖುಷಿಪಡ್ತಿದ್ದೆ" ಎಂದ. ನನಗೆ ದುಃಖ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕಾರ್ಡು, ಗೆರೆ, ಸಬ್ಸಿಡಿ, ಬಾರದ ಮೀಟರಿನವರು ಎಲ್ಲ ಹೇಳಿದೆ. "ಬಿಲ್ಲು ನಾನು ಕಟ್ಟುತ್ತಿರಲಿಲ್ಲವಾ?" ಎಂದ. "ನೀನು ಕಟ್ಟೀಯೆ. ಆದರೆ ನಾನು ಫೇಲಾಗುತ್ತೇನಲ್ಲ" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ನಗು ಮಾತ್ರ ಬಂತು. ಅವನು ನಕ್ಕದ್ದು ಕಂಡು ನನಗೆ ಧೈರ್ಯ ಬಂತು, ಜೊತೆಗೆ ನನ್ನ ಹಳೆಯ ಅಕ್ಕತನವೂ ಬಂತು. "ಪ್ರೀತಿಯಿಂದ ಕೊಟ್ಟದ್ದನ್ನು ಬಳಸದೆ ಇಟ್ಟದ್ದು ನನ್ನ ತಪ್ಪೇ. ನೀನಾದರೆ ಹಾಗೆ ಮಾಡ್ತಿದ್ದೆಯಾ? ನಾನು ಹೊಲಿದ ಶರ್ಟನ್ನು ಒಳ್ಳೆ ದಿನಕ್ಕೆ ಅಂತ ಜೋಪಾನ ಮಾಡಿದ್ದಿ" ಎಂದು ಮೂಗೊರೆಸಿಕೊಂಡೆ.

ತಮ್ಮನ ಮುಖ ಯಾಕೋ ಬದಲಾಯಿತು. "ನನಗೆ ತಂದದ್ದು ಎಂತದ್ದು ಚೀಲದಲ್ಲಿ?" ಎಂದು ನಾನು ಮಾತು ತಿರುಗಿಸಿ ಚೀಲಕ್ಕೆ ಕೈ ಹಾಕಿದೆ. "ಅಕ್ಕ, ನಾನೇ ತೆಗೆಯುತ್ತೇನೆ, ನಾನೇ" ಎಂದು ಓಡಿ ಬಂದ. ತಡವಾಗಿತ್ತು. ಒಳಗೆ ಅತ್ತರಿನ ಬಾಟ್ಲಿ, ಹೇರ್ ಆಯಿಲಿನ ಬಾಟ್ಲಿ, ಗಾಜಿನ ಲೋಟ. ಒಂದೊಂದರ ಸುತ್ತಲೂ ನನ್ನ ಒಂದೊಂದು ಶರ್ಟು. ನೀಲಿ ಚೌಕಳಿಯದ್ದು ಇತ್ತು, ಬಿಳಿಗೆರೆಯದ್ದು ಇತ್ತು, ಕಾಲರಿಗೆ ನಾನು ಚುಚ್ಚಿದ ಗುಂಡುಸೂಜಿ ಕೂಡ ಇತ್ತು. ಒಂದನ್ನೂ ಮೈಗೆ ಹಾಕಿದ ಗುರುತಿಲ್ಲ. "ಗಾಜು ಒಡೆಯದ ಹಾಗೆ ಸುತ್ತಲಿಕ್ಕೆ ಇದಕ್ಕಿಂತ ಒಳ್ಳೆದು ಇಲ್ಲ ಅಕ್ಕ" ಎಂದ, ನೆಲ ನೋಡುತ್ತ. "ಗುಂಡಿ ಹತ್ತುವುದಿಲ್ಲ. ನೀನು ಹೊಲಿಯುವುದು ನಾನು ಊರು ಬಿಟ್ಟಾಗಿನ ಮೈಗೆ." ಎಲ್ಲರೂ ಮರುಳಾದ ಶರ್ಟುಗಳು! ಕೋಪ ನೆತ್ತಿಗೇರಿತು, ಆದರೆ ಕೋಪ ಮಾಡುವ ಹಕ್ಕು ಅರ್ಧ ಗಂಟೆಯ ಹಿಂದೆಯಷ್ಟೇ ನನ್ನ ಕೈತಪ್ಪಿ ಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಕ್ಕದ್ದು ಎಷ್ಟು ಎಂದರೆ, ಐಸಮ್ಮ ಹಿಂದಿನ ಬಾಗಿಲಿನಿಂದ ಐಸು ಹಿಡಿದುಕೊಂಡೇ ಓಡಿ ಬಂದಳು.

ಮೀಟರಿನವರು ಆ ಸಂಜೆಯೇ ಬಂದರು. ಗೆರೆಯೊಳಗೆ ಪಾಸು. ಹೊರಡುವಾಗ ತಮ್ಮ ಒಂದು ರಾಜಿ ಮಾಡಿಸಿದ. "ಇನ್ನು ಸುಳ್ಳು ಬೇಡ ಅಕ್ಕ. ನೀನು ಫ್ರಿಜ್ಜು ಚಾಲೂ ಮಾಡಿ ಫೋಟೋ ಕಳಿಸು. ನಾನು ಶರ್ಟು ಹಾಕಿ ಫೋಟೋ ಕಳಿಸ್ತೇನೆ." ನಾನು ಆಯಿತೆಂದೆ. ಹೊಟ್ಟೆಯನ್ನು ಕಣ್ಣಾರೆ ಕಂಡಿದ್ದೆನಲ್ಲ, ನೀಲಿ ಚೌಕಳಿಯದ್ದರ ಹೊಲಿಗೆ ಬಿಚ್ಚಿ, ಇದ್ದಷ್ಟು ಬಟ್ಟೆಯನ್ನೆಲ್ಲ ಅಗಲಕ್ಕೆ ಬಿಟ್ಟು ಕೊಟ್ಟೆ.

ಮೊನ್ನೆ ಅವನ ಫೋಟೋ ಬಂತು. ನೀಲಿ ಚೌಕಳಿ ಶರ್ಟು, ದೊಡ್ಡ ನಗು. ಹೆಗಲು ಮೇಲಕ್ಕೆ ಎತ್ತಿದ್ದಾನೆ, ಉಸಿರು ಒಳಕ್ಕೆ ಎಳೆದಿದ್ದಾನೆ, ಹೊಟ್ಟೆಗೆ ಅಡ್ಡವಾಗಿ ಒಂದು ಬ್ಯಾಗು ಹಿಡಿದಿದ್ದಾನೆ. ಇಷ್ಟು ವರ್ಷ ಹೊಲಿದ ಕಣ್ಣಿಗೆ, ಆ ಬ್ಯಾಗಿನ ಹಿಂದೆ ಗುಂಡಿ ಸೇರಿಲ್ಲವೆಂದು ಯಾರಾದರೂ ಹೇಳಿಕೊಡಬೇಕೆ? ನಾನು ಕೂಡಲೇ ಐಸಮ್ಮನನ್ನು ಕರೆದೆ. ಬ್ಲೌಸು ಹೊರಗೆ, ಅವಳ ಮೊಟ್ಟೆ, ಹಾಲು, ಸೌತೆಕಾಯಿ ಒಳಗೆ. ಟೊಪ್ಪಿ ತೆಗೆದು ಪ್ಲಗ್ ಹಾಕಿದೆ. ಫ್ರಿಜ್ಜು ಗುಂಯ್ ಎಂದಿತು, ಒಳಗೆ ದೀಪ ಹತ್ತಿತು, ನಾನು ಬಾಟ್ಲಿ ಎತ್ತಿ ಹಿಡಿದು ನಕ್ಕೆ, ಅವಳು ಫೋಟೋ ತೆಗೆದಳು, ಕಳಿಸಿದೆವು. "ಇನ್ನು ತೆಗೆಯುವುದಾ?" ಎಂದು ಐಸಮ್ಮ ಪ್ಲಗ್ಗಿಗೆ ಕೈ ಹಾಕಿದಳು. "ಸ್ವಲ್ಪ ಇರು ಮಾರಾಯ್ತಿ, ಅವ ನೋಡಲಿ" ಎಂದೆ. ಮೊಬೈಲಿನಲ್ಲಿ ಎರಡು ನೀಲಿ ಗುರುತು ಬಂದವು. ಪ್ಲಗ್ ಎಳೆದು ಟೊಪ್ಪಿ ಹಾಕಿದೆ. ಅತ್ತ ಅವನೂ ಶರ್ಟು ಬಿಚ್ಚಿ ಉಸಿರು ಬಿಟ್ಟಿರಬೇಕು.