ಮೊಹರು ಹಾಕಿದ ಗಾಳಿ

"ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಈ ಕೋಣೆ ಇಪ್ಪತ್ತೆರಡು ಡಿಗ್ರಿ ಬಿಸಿ ಇರುತ್ತೆ. ಇಲ್ಲದಿದ್ರೆ ನನ್ನ ಮೀಸೆ ಬೋಳಿಸಿ ಬೀಗಿತ್ತಿಯ ಕೈಗೆ ಕೊಡ್ತೀನಿ!"

ಮಂಗಳವಾರ ಸಂಜೆ ವೆನಿಯಮಿನ್ ಅರ್ಖಿಪೊವಿಚ್ ಹೀಗೆ ಗುಡುಗಿದಾಗ ಕೇಳಿಸಿಕೊಂಡವರು ಇಬ್ಬರು. ಒಬ್ಬರು ಹೆಂಡತಿ ರಿಮ್ಮಾ. ಇನ್ನೊಂದು, ಕಿಟಕಿಯ ಕೆಳಗೆ ಗೋಡೆಗಂಟಿ ನಿಂತಿದ್ದ ಕಬ್ಬಿಣದ ರೇಡಿಯೇಟರ್. ಇಬ್ಬರೂ ತಣ್ಣಗಿದ್ದರು.

ಮಿಯಾಸ್ ಊರಿನಲ್ಲಿ ಅಕ್ಟೋಬರ್ ಮುಗಿಯುತ್ತಿತ್ತು. ಚಳಿಗಾಲಕ್ಕೆ ಮನೆಮನೆಯ ರೇಡಿಯೇಟರಿಗೂ ಕೊಳವೆಯಲ್ಲಿ ಬಿಸಿನೀರು ಕಳಿಸುವ ನಗರದ ಬಾಯ್ಲರು ಹೊತ್ತಿಸಿ ಒಂಬತ್ತು ದಿನವಾಗಿತ್ತು. ಅಡುಗೆಮನೆಯ ಕೊಳವೆ ಬೇರೆ, ಅದಕ್ಕೆ ಬಿಸಿ ಬಂದಿತ್ತು. ಆದರೆ ಮಗುವಿಗೆಂದು ಹಳದಿ ಕಾಗದ ಅಂಟಿಸಿ ಸಿಂಗರಿಸಿದ ಕೋಣೆಯ ರೇಡಿಯೇಟರ್ ಮಾತ್ರ ಹೆಣದಂತೆ ತಣ್ಣಗೆ. ಮಗಳು ಕೀರಾ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಚೊಚ್ಚಲ ಮೊಮ್ಮಗಳು! ಶುಕ್ರವಾರ ಮಧ್ಯಾಹ್ನ ಬಿಡುಗಡೆ. ಕೀರಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಅಪ್ಪ, ಯಾವ ಮನೆ ಬೆಚ್ಚಗಿರುತ್ತೋ ಆ ಮನೆಗೆ ಬರ್ತೀನಿ. ಅತ್ತೆಯ ಮನೇಲಿ ಅಂಗಿ ಬಿಚ್ಚಿ ಕೂರೋ ಹಾಗಿದೆಯಂತೆ."

ಅತ್ತೆ ಎಂದರೆ ಬೀಗಿತ್ತಿ ಆಗ್ನೆಸ್ಸಾ ಪೆಟ್ರೋವ್ನಾ. ಮದುವೆಯಲ್ಲಿ ಕೇಕನ್ನು ಕತ್ತರಿಸಿದ್ದು ಅವಳು, ಫೋಟೋದಲ್ಲಿ ನಡುವೆ ನಿಂತದ್ದು ಅವಳು. ಈಗ ಮೊಮ್ಮಗಳನ್ನೂ ಹೊಡೆದುಕೊಂಡು ಹೋಗಲು ಹೊಂಚುಹಾಕಿ ಕೂತಿದ್ದಾಳೆ! ಕೊಳವೆಗೆ ಅವಳೇ ಏನಾದರೂ ಮಾಡಿಸಿರಬಹುದೇ ಎಂದು ಅರ್ಖಿಪೊವಿಚ್ ಒಂದಿಡೀ ಸಂಜೆ ಯೋಚಿಸಿದರು. ಅವಳ ಮನೆ ಊರಿನ ಇನ್ನೊಂದು ತುದಿಯಲ್ಲಿದ್ದುದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಅವಳನ್ನು ಪಟ್ಟಿಯಿಂದ ಕೈಬಿಟ್ಟರು.

ಅನುಮಾನ ಅವರ ಕಸುಬು. ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕೂತು, ಹೊರಗೆ ಹೋಗುವವರ ಚೀಲ ತಡಕಿದವರು. ನಿವೃತ್ತಿಯಾದರೂ ಬೆರಳುಗಳಿಗೆ ನಿವೃತ್ತಿಯಾಗಲಿಲ್ಲ. ಈ ಬೇಸಿಗೆಯಲ್ಲಿ ಐದನೇ ಮಹಡಿಯ ಈ ಮನೆಗೆ ಬಂದ ದಿನವೇ ಪ್ರತಿ ಮೂಲೆ ತಡಕಿದರು. ರೇಡಿಯೇಟರಿನ ನೆತ್ತಿಯಲ್ಲಿ ಹೆಬ್ಬೆರಳಷ್ಟು ಗಾತ್ರದ ಹಿತ್ತಾಳೆ ನಲ್ಲಿ ಕಂಡಿತು. ಅವರ ಹಳೆಯ ಮನೆ ನೆಲಮಹಡಿಯದು, ಅಲ್ಲಿ ಇಂಥದ್ದು ಇರಲಿಲ್ಲ. "ಹಿಂದಿನವನು ಸರ್ಕಾರದ ಬಿಸಿನೀರು ಕದ್ದು ನೆಲ ಒರೆಸ್ತಿದ್ದ ಜಾಗ ಇದೇ!" ಎಂದು ತೀರ್ಮಾನಿಸಿ, ನಲ್ಲಿಗೆ ದಾರ ಸುತ್ತಿ, ಅರಗು ಕರಗಿಸಿ, ಮೊಹರು ಒತ್ತಿದರು.

"ಆ ಮೊಹರು ತೆಗೆದು ನಲ್ಲಿ ತಿರುಗಿಸಿ ನೋಡು ವೇನ್ಯಾ," ಎಂದಳು ರಿಮ್ಮಾ, ಗಂಡನ ಮುದ್ದು ಹೆಸರು ಹಿಡಿದು. "ಗಾಳಿ ತುಂಬಿಕೊಂಡಿರಬೇಕು."

"ಮೊಹರು ಒಡೆಯೋದಾ? ಸಾಕ್ಷಿ ನಾಶ ಮಾಡೋದಾ? ಗಾಳಿ ಅನ್ನೋ ಮಾತು ನಿನ್ನ ತಲೆಗೆ ಯಾರು ತುಂಬಿದ್ರು? ಹೆಸರು ಹೇಳು!"

"ಯಾರೂ ತುಂಬಿಲ್ಲ."

"ಹಾಗಾದ್ರೆ ಇನ್ನೂ ಅನುಮಾನ! ರಿಮ್ಮಾ, ಬಿಸಿನೀರು ಕೆಳಗಿನಿಂದ ಮೇಲೆ ಬರುತ್ತೆ. ನಡುವೆ ನಾಲ್ಕು ಮನೆ. ನಮ್ಮ ತನಕ ಬರೋದ್ರೊಳಗೆ ಯಾರೋ ಕುಡೀತಿದಾರೆ."

ಬುಧವಾರ ಬೆಳಿಗ್ಗೆಯೇ ತಪಾಸಣೆಗೆ ಹೊರಟರು. ಕಳ್ಳನಿಗೆ ಸುಳಿವು ಸಿಗಬಾರದಲ್ಲ, ಅದಕ್ಕೆ ಮನೆಗೊಂದು ನೆಪ! ನಾಲ್ಕನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಗ್ಲೆಬ್. ಮನೆಯನ್ನು ಹೊಸದಾಗಿ ರಿಪೇರಿ ಮಾಡಿಸಿ ಥಳಥಳ ಹೊಳೆಯುವಂತೆ ಮಾಡಿದವನು, ಆದ್ದರಿಂದ ಮೊದಲ ಆರೋಪಿ. ಅರ್ಖಿಪೊವಿಚ್ ಕೆನ್ನೆ ಹಿಡಿದು "ಹಲ್ಲುನೋವು" ಎಂದು ನರಳುತ್ತ ಹೋಗಿ, ತಲೆಸುತ್ತಿದವರಂತೆ ರೇಡಿಯೇಟರಿಗೆ ಬೆನ್ನು ಒರಗಿಸಿದರು. ಬೆನ್ನು ಕೊರೆಯಿತು. ಅದೂ ತಣ್ಣಗೆ!

"ನೋಯ್ತಿರೋದು ಯಾವುದು ಗೊತ್ತಿಲ್ಲ, ಆದ್ರೆ ಎರಡು ಹಲ್ಲು ಕೀಳಲೇಬೇಕು," ಎಂದ ಗ್ಲೆಬ್ ಬಾಯೊಳಗೆ ಇಣುಕಿ. "ಸೋಮವಾರ ಬನ್ನಿ. ಅಂದಹಾಗೆ ವೆನಿಯಮಿನ್ ಅರ್ಖಿಪೊವಿಚ್, ನಿಮ್ಮಲ್ಲಿ ಗಾಳಿ ಬಿಟ್ರಾ?"

ಅರ್ಖಿಪೊವಿಚ್ ತೆರೆದ ಬಾಯಿ ಮುಚ್ಚಿಕೊಂಡು ಕೆಳಗಿನ ಮಹಡಿಗೆ ಇಳಿದರು.

ಮೂರನೇ ಮಹಡಿಯ ವಿಧವೆ ನೋನ್ನಾಳ ಬಳಿ ಉಪ್ಪು ಕೇಳುವ ನೆಪ. ಅವಳು ಉಪ್ಪು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇವರು ಅವಳ ಮಲಗುವ ಕೋಣೆಯಲ್ಲಿ ಮಂಡಿಯೂರಿ ರೇಡಿಯೇಟರನ್ನು ತಬ್ಬಿಕೊಂಡಿದ್ದರು.

"ಅಯ್ಯೋ, ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ?" ಎಂದು ನೋನ್ನಾ ಉಪ್ಪಿನ ಡಬ್ಬಿಯನ್ನು ಎದೆಗೆ ಅಡ್ಡ ಹಿಡಿದಳು. "ಮೊದಲು ಹೋಗಿ ಗಾಳಿ ಬಿಡಿ!"

ಎರಡನೇ ಮಹಡಿಯೂ ತಣ್ಣಗೆ, ಒಂದನೆಯದೂ ತಣ್ಣಗೆ. ಅಲ್ಲಿಯೂ ಅದೇ ಪ್ರಶ್ನೆ. ಬೇರೆ ಯಾರಾದರೂ ಆಗಿದ್ದರೆ ತಮ್ಮ ಮನೆಯ ನಲ್ಲಿಯನ್ನು ಒಮ್ಮೆ ನೋಡುತ್ತಿದ್ದರು. ಅರ್ಖಿಪೊವಿಚ್ ಹಾಗಲ್ಲ! ನಾಲ್ಕು ಬಾಯಲ್ಲಿ ಒಂದೇ ಮಾತು ಎಂದರೆ ಅದು ಮೊದಲೇ ಕೂತು ಉರುಹೊಡೆದ ಮಾತು. ಬಿಸಿಯನ್ನು ಎಲ್ಲೋ ಮುಚ್ಚಿಟ್ಟಿದ್ದಾರೆ. ಗುರುವಾರ ಇಡೀ ದಿನ ಕೂತು, ನಾಲ್ಕು ಮನೆಯವರ ಮೇಲೆ ಬಾಯ್ಲರ್ ಕಚೇರಿಗೆ ಆರು ಹಾಳೆ ದೂರು ಬರೆದು ಹಾಕಿ ಬಂದರು.

ಶುಕ್ರವಾರ ಬೆಳಿಗ್ಗೆ ಕೋಣೆ ಹನ್ನೊಂದು ಡಿಗ್ರಿ. ಬ್ರೆಡ್ಡು ತರುತ್ತೇನೆಂದು ರಿಮ್ಮಾ ಹೊರಗೆ ಹೋಗಿದ್ದಳು. ಕೀರಾಳ ಫೋನು ಬಂತು.

"ಅಪ್ಪ, ಬಟ್ಟೆ ಕಟ್ಟಿಕೊಳ್ತಾ ಇದೀನಿ. ಅತ್ತೆ ಆಗಲೇ ಹೂವು ಹಿಡಿದು ಬಾಗಿಲಲ್ಲಿ ನಿಂತಿದಾರೆ. ಕೋಣೆ ಹೇಗಿದೆ?"

"ಬಿಸಿ ಬರ್ತಾ ಇದೆ ಮಗಳೇ, ದಾರಿಯಲ್ಲಿದೆ!"

ಫೋನಿಟ್ಟು ಖಾಲಿ ತೊಟ್ಟಿಲು ನೋಡಿದರು. ರಿಮ್ಮಾ ಹೊಲಿದ ಪುಟ್ಟ ಹೊದಿಕೆ ಅದರಲ್ಲಿ ಮಡಿಸಿಯೇ ಬಿದ್ದಿತ್ತು. ಆ ಕ್ಷಣದಲ್ಲಿ ಅವರಿಗೆ ಯಾವ ಕಳ್ಳನೂ ಬೇಕಾಗಿರಲಿಲ್ಲ, ಮೊಮ್ಮಗಳು ಬೇಕಾಗಿದ್ದಳು. ಯಾರೂ ನೋಡುತ್ತಿಲ್ಲವೆಂದು ಬಾಗಿಲ ಕಡೆ ಕಣ್ಣು ಹಾಯಿಸಿ, ಸ್ವಂತ ಮೊಹರನ್ನು ಒಡೆದರು.

ನಲ್ಲಿಯ ತಿರುಪು ತಿರುಗಿಸುವ ಪುಟ್ಟ ಕೀಲಿ ಇರಲಿಲ್ಲ, ಇಕ್ಕಳ ಹಾಕಿದರು. ಕಾಲು ಸುತ್ತು ತಿರುಗಿಸಬೇಕಾದ ತಿರುಪನ್ನು ಆರು ಸುತ್ತು ತಿರುಗಿಸಿದರು. ಗಾಳಿ ಹೊರಟಿತು. ಬುಸ್ಸ್! ಹನ್ನೆರಡು ದಿನ ಸೆರೆಯಲ್ಲಿದ್ದ ಗಾಳಿ, ನಿಲ್ಲುವ ಲಕ್ಷಣವೇ ಇಲ್ಲ. ಅದು ಮುಗಿಯುತ್ತಿದ್ದಂತೆ ಟಪ್ಪೆಂದು ತಿರುಪು ಹಾರಿ ತೊಟ್ಟಿಲಿನ ಕೆಳಗೆ ಉರುಳಿತು, ಹಿಂದೆಯೇ ನೀರು ಚಿಮ್ಮಿ ಮುಖಕ್ಕೆ ರಾಚಿತು. ಮೀಸೆ, ಅಂಗಿ, ಹಳದಿ ಗೋಡೆ, ಛಾವಣಿ, ಎಲ್ಲ ಹಸಿರು! ಮಳೆಗಾಲದ ಗದ್ದೆಯಂಥ ಅಪ್ಪಟ ಹಸಿರು!

"ವಿಷ!" ಎಂದು ಕಿರುಚಿ ಹೆಬ್ಬೆರಳಿನಿಂದ ತೂತು ಮುಚ್ಚಿದರು. ನೀರೇನೋ ನಿಂತಿತು, ಆದರೆ ಅವರೂ ಅಲ್ಲೇ ನಿಂತರು. ಬೆರಳು ತೆಗೆದರೆ ಪ್ರವಾಹ, ತೆಗೆಯದಿದ್ದರೆ ಸೆರೆವಾಸ. ಫೋನು ಮೇಜಿನ ಮೇಲೆ, ಕೈಗೆ ಸಿಗದು. ಉಳಿದ ದಾರಿ ಒಂದೇ, ಇಕ್ಕಳದಿಂದ ಕೊಳವೆಯನ್ನು ಬಡಿಯುವುದು. ಠಣ್ ಠಣ್ ಠಣ್! ಆದರೆ ಆ ಕಟ್ಟಡದಲ್ಲಿ ಕೊಳವೆ ಬಡಿದರೆ "ಗಲಾಟೆ ನಿಲ್ಲಿಸಿ" ಎಂದರ್ಥ. ಯಾವ ಗಲಾಟೆಯನ್ನೂ ಮಾಡದೆ ಕೂತಿದ್ದ ನಾಲ್ಕು ಮನೆಯವರು ರೇಗಿ, ಸೌಟು ಸುತ್ತಿಗೆ ಹಿಡಿದು ತಿರುಗಿ ಬಡಿದರು. ಐದು ಮಹಡಿಯೂ ಠಣಠಣ!

ಅಷ್ಟರಲ್ಲಿ ಬೆರಳು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಸುಡತೊಡಗಿತು.

"ಬಂತು! ಅಯ್ಯಯ್ಯೋ! ಬಂತು! ಅಮ್ಮಾ!" ಸಂತೋಷ ಯಾವುದು, ಸಂಕಟ ಯಾವುದು ಅವರಿಗೇ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ರಿಮ್ಮಾ, ಅವಳ ಹಿಂದೆ ಬಾಯ್ಲರ್ ಕಚೇರಿಯ ಮೇಸ್ತ್ರಿ ಪ್ರೋಖೋರ್. ಅವನು ಬಗ್ಗಿ ತಿರುಪು ಹುಡುಕಿ ಕೂರಿಸಿ, ಎರಡು ನಿಮಿಷದಲ್ಲಿ ಕೈ ಒರೆಸಿಕೊಂಡ.

"ಈ ಹಸಿರು ಬಣ್ಣ ನಾವೇ ಹಾಕೋದು," ಎಂದ. "ಕೊಳವೆಯ ನೀರು ಕದಿಯೋರನ್ನ ಹಿಡಿಯೋಕೆ. ವಾರವಾದ್ರೂ ಹೋಗಲ್ಲ."

ಮೂವತ್ತೊಂದು ವರ್ಷ ಕಳ್ಳರನ್ನು ಹಿಡಿದವರು ಕಿವಿಯವರೆಗೂ ಹಸಿರಾಗಿ ನಿಂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಅಗತ್ಯವೂ ಇರಲಿಲ್ಲ.

"ನೀವು ಐದನೇ ಮಹಡಿಯೋರು," ಎಂದ ಪ್ರೋಖೋರ್. "ಇಡೀ ಕೊಳವೆಯ ಗಾಳಿ ಬಂದು ಸೇರೋದು ನಿಮ್ಮಲ್ಲೇ. ನೀವು ಬಿಡದಿದ್ರೆ ಐದು ಮನೆಗೂ ಬಿಸಿ ಇಲ್ಲ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಲ್ಲ!"

ಆದರೂ ಅರ್ಖಿಪೊವಿಚ್ ಬಾಲ ಮುದುಡಲಿಲ್ಲ. "ಇರಲಿ, ನಾನು ದೂರು ಬರೆದಿದ್ದಕ್ಕೆ ತಾನೇ ನೀವು ಇಷ್ಟು ಬೇಗ ಬಂದದ್ದು!"

"ಓ, ಆ ಆರು ಹಾಳೆಯೋರು ನೀವೇನಾ? ಅದನ್ನ ಕಚೇರೀಲಿ ಚಹಾ ಕುಡೀತಾ ಓದ್ತಿದೀವಿ. ತುಂಬಾ ಚೆನ್ನಾಗಿದೆ, ಇನ್ನೂ ಮೂರನೇ ಹಾಳೇಲಿದೀವಿ. ನಾನು ಬಂದಿದ್ದು ಇದಕ್ಕೆ."

ಅವನು ಮುಂದೆ ಚಾಚಿದ್ದು ಒಂದೇ ಹಾಳೆ. ಐದನೇ ಮಹಡಿಯ ಮನೆಯಾತ ಗಾಳಿ ನಲ್ಲಿಗೆ ಮೊಹರು ಹಾಕಿದ್ದಾನೆ, ಯಾರ ಮಾತೂ ಕೇಳುವುದಿಲ್ಲ, ಬಲವಂತವಾಗಿಯಾದರೂ ತೆಗೆಸಬೇಕು ಎಂಬ ವಿನಂತಿ. ಕೆಳಗೆ ಗ್ಲೆಬ್, ನೋನ್ನಾ, ಎಲ್ಲರ ಸಹಿ. ಎಲ್ಲಕ್ಕಿಂತ ಮೇಲಿನ ಸಹಿಯ ಗುಂಡು ಅಕ್ಷರವನ್ನು ಅವರು ಮೂವತ್ತು ವರ್ಷದಿಂದ ಸಾಮಾನು ಚೀಟಿಯಲ್ಲಿ ನೋಡುತ್ತ ಬಂದಿದ್ದರು.

"ರಿಮ್ಮಾ! ನೀನೂನಾ?"

"ನಾನೂ ಅಲ್ಲ, ನಾನೇ. ಬರೆದದ್ದೇ ನಾನು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದೆನಲ್ಲ! ಯಾರು ಹೇಳಿಕೊಟ್ರು ಅಂತ ನನ್ನನ್ನೇ ವಿಚಾರಣೆ ಮಾಡಿದೆ. ನನಗೆ ಮೊಮ್ಮಗಳು ಬೇಕಿತ್ತು ವೇನ್ಯಾ. ನಿನ್ನ ವಿಚಾರಣೆ ಮುಗಿಯೋ ಹೊತ್ತಿಗೆ ಅವಳ ಮದುವೆಯೇ ಆಗಿಹೋಗ್ತಿತ್ತು."

ಫೋನು ಹೊಡೆದುಕೊಂಡಿತು. ಅರ್ಖಿಪೊವಿಚ್ ಹಸಿರು ಕೈಯಲ್ಲೇ ಎತ್ತಿಕೊಂಡರು.

"ಅಪ್ಪ, ಟ್ಯಾಕ್ಸಿ ಹತ್ತಿದೀವಿ. ಯಾವ ಕಡೆ ತಿರುಗಿಸೋಕೆ ಹೇಳಲಿ?"

"ಈ ಕಡೆ ಮಗಳೇ, ಈ ಕಡೆ! ರೇಡಿಯೇಟರ್ ಮೇಲೆ ಕೈ ಇಡೋಕಾಗ್ತಿಲ್ಲ, ಹಾಗೆ ಕಾದಿದೆ! ನನ್ನಾಣೆ!"

"ಸರಿ ಅಪ್ಪ," ಎಂದಳು ಕೀರಾ. "ಫೋನು ಅಮ್ಮನಿಗೆ ಕೊಡು. ಅವಳು ಹೇಳಲಿ."

ಅವರು ಫೋನನ್ನು ಹೆಂಡತಿಗೆ ಕೊಟ್ಟರು. ಆಮೇಲೆ ಪ್ರೋಖೋರನಿಂದ ಪೆನ್ನು ಇಸಿದುಕೊಂಡು, ರಿಮ್ಮಾ ಬರೆದ ಆ ವಿನಂತಿಯ ಹಾಳೆಯಲ್ಲಿ, ಎಲ್ಲರ ಸಹಿಯ ಕೆಳಗೆ ತಮ್ಮದೂ ಒಂದು ಸಹಿ ಹಾಕಿದರು.